ಒಂದು ಪ್ಲಗ್, ಒಂದು ಅಪವಾದ

ಶ್ರೀರಾಂಪುರದ ಗಲ್ಲಿಯೊಂದರ ಗ್ಯಾರೇಜಿಗೆ ನನ್ನ ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಒಯ್ದಾಗ ಅದು ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಫಿಯೆಟ್ 1100ರ ವಿನ್ಯಾಸದಲ್ಲಿ ಮುಂಬಯಿಯಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ ನಿಂತು ಎರಡು ದಶಕಗಳೇ ದಾಟಿವೆ. ಇಳಿಯುತ್ತಲೇ ಮೇಸ್ತ್ರಿಗೆ ಹೇಳಿದೆ: "ಹೋದ ತಿಂಗಳು ಬೇರೊಂದು ಕಡೆ ಒಬ್ಬ ಹುಡುಗ ಸರ್ವಿಸ್ ಮಾಡಿದ್ದ. ಅವನೇ ಕೆಡಿಸಿದ್ದು." ನಮ್ಮ ಬೀದಿಯ ನಾಲ್ಕು ಮಂದಿಗೂ ಇದನ್ನೇ ಹೇಳಿ ಬಂದಿದ್ದೆ.

"ನೋಡೋಣ ಸಾರ್" ಎಂದರು ಮೇಸ್ತ್ರಿ. ಇಂಜಿನ್ ಚಾಲೂ ಇಟ್ಟು, ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಎಳೆದು ಮತ್ತೆ ಸಿಕ್ಕಿಸಿದರು. ಮೂರು ಸಿಲಿಂಡರುಗಳ ವೈರು ತೆಗೆದಾಗ ನಡುಕ ಹೆಚ್ಚಾಯಿತು. ಒಂದರದ್ದು ತೆಗೆದಾಗ ಏನೂ ಬದಲಾಗಲಿಲ್ಲ. ಅಂದರೆ ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ.

ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರು. ಮೂರು ತಿಳಿ ಕಂದು ಬಣ್ಣದಲ್ಲಿದ್ದವು. ಒಂದು ಮಾತ್ರ ಪೆಟ್ರೋಲಿನಲ್ಲಿ ಒದ್ದೆಯಾಗಿತ್ತು. "ನಾಲ್ಕೂ ಕಪ್ಪಾಗಿದ್ದರೆ ಕಾರ್ಬ್ಯುರೇಟರ್ ನೋಡಬೇಕಿತ್ತು ಸಾರ್. ಮಂಗಳೂರಲ್ಲಿ ಟ್ಯೂನ್ ಮಾಡಿದ ಗಾಡಿ ಇಲ್ಲಿಗೆ ಬಂದರೆ ಹಾಗಾಗುತ್ತೆ" ಎಂದರು. ನಿಜ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಹಾಗಾಗಿ ಅದೇ ಹೊಂದಾಣಿಕೆಯಲ್ಲಿ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ. ಅಲ್ಲಿ ಯಾರ ತಪ್ಪೂ ಇರುವುದಿಲ್ಲ, ಊರು ಬದಲಾಗಿರುತ್ತದೆ ಅಷ್ಟೆ.

ಒದ್ದೆ ಪ್ಲಗ್ಗನ್ನೂ ಅವರು ಕೂಡಲೇ ಎಸೆಯಲಿಲ್ಲ. ಒರೆಸಿ, ಪಕ್ಕದ ಸಿಲಿಂಡರಿಗೆ ಹಾಕಿದರು. ಅಲ್ಲಿಯ ಪ್ಲಗ್ಗನ್ನು ಇಲ್ಲಿಗೆ ತಂದರು. ತೊಂದರೆ ಪ್ಲಗ್ಗಿನ ಜೊತೆಗೇ ಪಕ್ಕಕ್ಕೆ ಹೋಯಿತು. ಆಮೇಲೆಯೇ ತೀರ್ಪು. ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಬಿರುಕಿತ್ತು. "ಸ್ಪ್ಯಾನರ್ ಓರೆಯಾಗಿ ಹಾಕಿ ಬಿಗಿ ಮಾಡಿದ್ದಾರೆ" ಎಂದರು.

ನಾನು ಮಾತಾಡಲಿಲ್ಲ. ಹಿಂದಿನ ಭಾನುವಾರ ಪ್ಲಗ್‌ಗಳನ್ನು ಬಿಚ್ಚಿ ಶುಚಿ ಮಾಡಿ ಬಿಗಿದವನು ನಾನೇ.

ಅರ್ಧ ಗಂಟೆಯಲ್ಲಿ ಇಂಜಿನ್ ಸರಿಹೋಯಿತು. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದು ವೇಳೆ ಆ ಹುಡುಗನೇ ಪ್ಲಗ್ ಒಡೆದಿದ್ದರೆ, ನಾನು ಆಡಿದ ಮಾತು ನ್ಯಾಯವಾಗುತ್ತಿತ್ತೇ? ಇಲ್ಲ ಎಂದೇ ನನಗೆ ತೋರುತ್ತದೆ. ಪರೀಕ್ಷಿಸದೆ ಆಡಿದ ಮಾತು ಅಕಸ್ಮಾತ್ ನಿಜವಾದರೆ ಅದು ಅದೃಷ್ಟ, ನ್ಯಾಯವಲ್ಲ. ಮೇಸ್ತ್ರಿಯೂ ಮೊದಲೇ ನಾಲ್ಕು ಪ್ಲಗ್ ಬದಲಾಯಿಸಿದ್ದರೆ ಕಾರು ಸರಿಯಾಗುತ್ತಿತ್ತು; ಆದರೆ ಕೆಟ್ಟದ್ದು ಯಾವುದೆಂದು ತಿಳಿಯದೆಯೇ ಮೂರು ಒಳ್ಳೆಯ ಪ್ಲಗ್‌ಗಳು ಕಸದ ಬುಟ್ಟಿ ಸೇರುತ್ತಿದ್ದವು.

ನಾವು ಮನುಷ್ಯರ ವಿಷಯದಲ್ಲಿ ಮಾಡುವುದು ಇದನ್ನೇ ಅಲ್ಲವೇ? ಒಬ್ಬನ ತಪ್ಪಿಗೆ ಅವನ ಮನೆ, ಕೇರಿ, ಸಮುದಾಯವನ್ನೆಲ್ಲ ಕಪ್ಪು ಎನ್ನುತ್ತೇವೆ. ಊರಿನ ಗಾಳಿಯೇ ತೆಳುವಾಗಿರುವಾಗ ಒಬ್ಬನನ್ನು ಹಿಡಿದು ದೂರುತ್ತೇವೆ. ಪ್ಲಗ್ಗಿಗೆ ಕೊಡುವಷ್ಟು ತಾಳ್ಮೆಯನ್ನೂ ಮನುಷ್ಯನಿಗೆ ಕೊಡುವುದಿಲ್ಲ.

ಒಡೆದ ಪ್ಲಗ್ಗಿಗೆ ಹೊಸದು ಅಂಗಡಿಯಲ್ಲಿ ಸಿಗುತ್ತದೆ. ಕೆಡಿಸಿದ ಹೆಸರಿಗೆ ಅಂಗಡಿ ಇಲ್ಲ. ಅಪವಾದ ಹೊತ್ತು ಹೋದ ಮನೆಗಳಿಗೇ ಮತ್ತೆ ನಡೆದು, "ತಪ್ಪು ನನ್ನದು" ಎನ್ನಬೇಕು. ನಾಲ್ಕರಲ್ಲಿ ಮೂರು ಮನೆಗೆ ಹೋಗಿ ಬಂದೆ. ನಾಲ್ಕನೆಯವರು ಅಷ್ಟರಲ್ಲಿ ಅದನ್ನು ಇನ್ನೆಷ್ಟು ಮಂದಿಗೆ ಹೇಳಿದ್ದಾರೋ, ನಾನರಿಯೆ.