ಕಸಿಯ ಹಂಗು

ಇಂಗ್ಲಿಷಿನ ‘ಗ್ರಾಫ್ಟ್’ ಎಂಬ ಮಾತು ಹುಟ್ಟಿದ್ದು ತೋಟದಲ್ಲಲ್ಲ. ಗ್ರೀಕರು ಬರೆಯಲು ಬಳಸುತ್ತಿದ್ದ ಕಂಟದ ಹೆಸರು ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ ಬಂದು, ಮೊನೆ ಹೆರೆದ ಕಸಿಕಡ್ಡಿಗೆ ಅಂಟಿಕೊಂಡಿತು. ನೋಡಲು ಎರಡೂ ಒಂದೇ ಥರ. ಪದದ ಕಥೆ ಇಷ್ಟೇ. ಆದರೆ ಕಸಿ ಎಂಬ ರೂಪಕ ಹೊತ್ತಿರುವ ಧರ್ಮದ ಪ್ರಶ್ನೆ ದೊಡ್ಡದು: ಹೊರಗಿನಿಂದ ಬಂದು ಒಂದು ಪರಂಪರೆಗೆ ಸೇರಿದವನಿಗೆ ಅದರ ಮೇಲೆ ಎಂಥ ಹಕ್ಕು? ಸುಮಾರು ಕ್ರಿ.ಶ. 57ರಲ್ಲಿ ಕ್ರೈಸ್ತ ಧರ್ಮಪ್ರಚಾರಕ ಪೌಲನು ರೋಮಿನ ಕ್ರೈಸ್ತರಿಗೆ ಬರೆದ ಪತ್ರದ 11ನೇ ಅಧ್ಯಾಯ ಈ ಪ್ರಶ್ನೆಯನ್ನು ಮರದ ರೂಪದಲ್ಲಿ ಇಡುತ್ತದೆ. ಇಸ್ರಾಯೇಲು, ಅಂದರೆ ಯೆಹೂದ್ಯ ಜನಾಂಗ, ಇಲ್ಲಿ ನಾಟಿ ಮಾಡಿ ಬೆಳೆಸಿದ ಆಲಿವ್ ಮರ. ಅದರ ಕೆಲವು ಕೊಂಬೆಗಳು ಮುರಿದಿವೆ. ಆ ಜಾಗಕ್ಕೆ ಯೆಹೂದ್ಯರಲ್ಲದ ವಿಶ್ವಾಸಿಗಳು ಕಾಡು ಆಲಿವಿನ ಕೊಂಬೆಗಳಾಗಿ ಕಸಿಗೊಂಡಿದ್ದಾರೆ.

ಕೃಷಿ ಬಲ್ಲವರು ಇಲ್ಲಿ ನಗಬಹುದು. ಕಾಟುಮಾವಿನ ಸಸಿಗೆ ಆಪೂಸಿನ ಕಡ್ಡಿ ಕಟ್ಟುತ್ತಾರೆಯೇ ಹೊರತು ಆಪೂಸಿನ ಮರಕ್ಕೆ ಕಾಟುಮಾವನ್ನಲ್ಲ. ಪೌಲ ಪಟ್ಟಣದವನು, ತೋಟ ಕಂಡವನಲ್ಲ ಎಂದು ಕೆಲವು ವಿದ್ವಾಂಸರು ತಳ್ಳಿಹಾಕಿದ್ದೂ ಉಂಟು. ಆದರೆ ಅವನ ಕಾಲದವನೇ ಆದ ಕೃಷಿಲೇಖಕ ಕೊಲುಮೆಲ್ಲ, ಕಾಯಿ ಬಿಡದ ಆಲಿವ್ ಮರಕ್ಕೆ ತೂತು ಕೊರೆದು ಕಾಡು ಆಲಿವಿನ ಕುಡಿ ಸೇರಿಸುವ ಪದ್ಧತಿಯನ್ನು ದಾಖಲಿಸಿದ್ದಾನೆ. ಅದಕ್ಕಿಂತ ಮುಖ್ಯವಾದ ಸಾಕ್ಷ್ಯ ಪತ್ರದಲ್ಲೇ ಇದೆ: ಈ ಕಸಿ ಪ್ರಕೃತಿಗೆ ವಿರುದ್ಧವಾದದ್ದೆಂದು ಪೌಲನೇ ಹೇಳುತ್ತಾನೆ. ತಿರುವುಮುರುವು ಅವನಿಗೆ ಗೊತ್ತಿತ್ತು, ಬೇಕಾಗಿಯೂ ಇತ್ತು. ಲಾಭ ನೋಡುವ ತೋಟಗಾರ ಮಾಡದ ಕೆಲಸವನ್ನು ದೇವರು ಮಾಡಿದ್ದಾನೆಂದರೆ, ಕಾಡುಕೊಂಬೆಗೆ ಜಂಬಪಡಲು ಏನೂ ಉಳಿಯುವುದಿಲ್ಲ. ಬೇರು ನಿನ್ನನ್ನು ಹೊತ್ತಿದೆ, ನೀನು ಬೇರನ್ನಲ್ಲ ಎಂಬುದೇ ಅವನ ವಾದದ ತಿರುಳು.

ಕಸಿಯಾದ ಕೊಂಬೆ ತನ್ನ ಜಾತಿಯ ಹಣ್ಣನ್ನೇ ಬಿಡುತ್ತದಲ್ಲ, ಹಾಗಿದ್ದರೆ ಕಾಡುಕೊಂಬೆಯಲ್ಲಿ ಕಾಡುಕಾಯೇ ತಾನೆ ಎಂಬ ಆಕ್ಷೇಪ ಇನ್ನೂ ಗಟ್ಟಿ. ಗಮನಿಸಿದರೆ, ಈ ರೂಪಕದಲ್ಲಿ ಕೊಂಬೆ ಬಿಡುವ ಹಣ್ಣಿನ ಮಾತೇ ಇಲ್ಲ. ಇರುವುದು ಬೇರಿನ ರಸದಲ್ಲಿ ಪಾಲು ಮಾತ್ರ. ಬಂದವನು ತನ್ನ ಹುಟ್ಟನ್ನು ಕಳಚಬೇಕಿಲ್ಲ, ಮನೆಯವನನ್ನು ಹೊರಹಾಕುವ ಹಕ್ಕೂ ಅವನಿಗಿಲ್ಲ ಎಂದು ನಾನು ಇದನ್ನು ಓದುತ್ತೇನೆ. ಮುರಿದ ಕೊಂಬೆಗಳನ್ನು ಅವುಗಳದೇ ಮರಕ್ಕೆ ಮತ್ತೆ ಕಟ್ಟುವುದು ಇನ್ನೂ ಸುಲಭ ಎಂದು ಪೌಲ ಸೇರಿಸಿದ್ದನ್ನು ಚರ್ಚು ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. 386-387ರಲ್ಲಿ ಅಂತಿಯೋಕ್ಯದಲ್ಲಿ ಪಾದ್ರಿ ಜಾನ್ ಕ್ರಿಸೊಸ್ಟಮ್ ಯೆಹೂದ್ಯರ ಮೇಲೆ ಹರಿಹಾಯ್ದ ಉಪದೇಶಗಳು ಕೊಂಬೆಯೊಂದು ಬೇರನ್ನೇ ಬೈದಂತಿವೆ. ಕೊನೆಗೆ ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಸಭೆ 1965ರ ‘ನೋಸ್ತ್ರಾ ಎತಾತೆ’ ಘೋಷಣೆಯಲ್ಲಿ ಯೆಹೂದ್ಯರೊಡನೆ ತನ್ನ ನಂಟನ್ನು ಹೇಳಲು ಮತ್ತೆ ಇದೇ ಆಲಿವ್ ಮರದ ಬುಡಕ್ಕೆ ಬರಬೇಕಾಯಿತು.