ನೊವೊಮಿಯ ಬರಿಗೈ

ರೂತಳ ಪುಸ್ತಕವನ್ನು ಓದುವವರೆಲ್ಲರೂ ರೂತಳನ್ನು ಹೊಗಳುತ್ತಾರೆ. ಅತ್ತೆಯಾದ ನೊವೊಮಿಯನ್ನು ಕುರಿತು ಯೋಚಿಸುವವರು ಕಡಿಮೆ. ನಡುವಯಸ್ಸನ್ನು ದಾಟುತ್ತಿರುವ ನನಗಾದರೋ ಈಗೀಗ ಆಕೆಯೇ ಹೆಚ್ಚಾಗಿ ನೆನಪಿಗೆ ಬರುತ್ತಾಳೆ.

ಬರಗಾಲದ ನಿಮಿತ್ತ ಆಕೆ ಗಂಡನೊಡನೆಯೂ ಇಬ್ಬರು ಗಂಡುಮಕ್ಕಳೊಡನೆಯೂ ಮೋವಾಬ್ ದೇಶಕ್ಕೆ ಹೋದಳು. ಅಲ್ಲಿ ಮೂವರೂ ತೀರಿಹೋದರು; ಮೋವಾಬಿನ ಸೊಸೆಯರಿಬ್ಬರು ಮಾತ್ರ ಉಳಿದರು. ಸುಮಾರು 10 ವರುಷಗಳ ಮೇಲೆ ಬೇತ್ಲೆಹೇಮಿಗೆ ಹಿಂತಿರುಗಿದಾಗ, ತುಂಬಿದವಳಾಗಿ ಹೋದ ತಾನು ಬರಿದಾಗಿ ಬಂದೆನೆಂದು ಊರಿನ ಹೆಂಗಸರ ಮುಂದೆ ಹೇಳಿಕೊಂಡಳು. ಆಗ ರೂತಳು ಎಲ್ಲಿದ್ದಳು? ಅತ್ತೆಯ ಸಂಗಡಲೇ ಬಂದಿದ್ದಳಲ್ಲವೋ! ತನ್ನವರನ್ನು ಎಣಿಸುವಾಗ ನೊವೊಮಿಯ ಬೆರಳಿಗೆ ಅವಳು ಸಿಕ್ಕಲಿಲ್ಲ. ಗಂಡ, ಮಗ ಎಂಬ ಲೆಕ್ಕವೇ ನಮಗೂ ರೂಢಿಯಾಗಿದೆ.

ಬಂಧುಗಳನ್ನು ಹೀನೈಸುವದಕ್ಕಾಗಿ ಇದನ್ನು ಬರೆಯುವದಿಲ್ಲ. ಜ್ವರ ಬಂದಾಗ ಗಂಜಿ ಕಾಸಿಕೊಡುವವರೂ ಶವದ ಪೆಟ್ಟಿಗೆಗೆ ಹೆಗಲು ಕೊಡುವವರೂ ಅವರೇ. ಪ್ರೀತಿಯಿಲ್ಲದಿದ್ದರೂ ಕರ್ತವ್ಯಕ್ಕಾಗಿ ಬರುವರು. ಅದು ಅಲ್ಪ ಸಂಗತಿಯಲ್ಲ. ಸ್ನೇಹಕ್ಕೆ ಅಂಥ ಕಟ್ಟಳೆಯಿಲ್ಲ. ಒರ್ಫಾಳು ತಾಯಿಯ ಮನೆಗೆ ಹಿಂದಿರುಗಿದಾಗ ಯಾರೂ ಆಕೆಯನ್ನು ದೂರಲಿಲ್ಲ. ರೂತಳಿಗೂ ಅದೇ ದಾರಿ ತೆರೆದಿತ್ತು. ಹೋಗಬಹುದಾದವಳು ಉಳಿದಳೆಂಬದೇ ಇಲ್ಲಿಯ ವಿಶೇಷ. ಏಳು ಮಂದಿ ಗಂಡುಮಕ್ಕಳಿಗಿಂತ ಅವಳು ಮೇಲೆಂದು ಕಡೆಗೆ ನೆರೆಯ ಹೆಂಗಸರೇ ನೊವೊಮಿಗೆ ಹೇಳಬೇಕಾಯಿತು.

ಜವೆಗೋಧಿಯ ಸುಗ್ಗಿಯಲ್ಲಿ ರೂತಳು ಹಕ್ಕಲಾಯಲು ಹೋದ ದಿನ, ಸಾಯಂಕಾಲದ ವರೆಗೆ ನೊವೊಮಿಯು ಏನು ಮಾಡುತ್ತಿದ್ದಳೋ, ವೇದವು ತಿಳಿಸುವದಿಲ್ಲ. ಹೆಂಗಸು ಒಬ್ಬಳೇ ಸುಮ್ಮನೆ ಕುಳಿತಿದ್ದರೆ ನಮ್ಮ ಹಳ್ಳಿಗಳಲ್ಲಿ ಅಯ್ಯೋ ಪಾಪ ಎನ್ನುವರು, ಇಲ್ಲವೇ ಕೈಗೆ ಮೊರ ಕೊಡುವರು. ಆದರೆ ಒಂಟಿತನವು ಬೇರೆ, ಏಕಾಂತವು ಬೇರೆ. ಪಂಡಿತಾ ರಮಾಬಾಯಿಯವರನ್ನು ನೋಡಿರಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಆಕೆ ತಂದೆತಾಯಿಗಳನ್ನು ಬರಗಾಲದಲ್ಲಿಯೂ, ಅಣ್ಣನನ್ನು 1880ರಲ್ಲಿಯೂ, ಗಂಡನನ್ನು 1882ರಲ್ಲಿಯೂ ಕಳಕೊಂಡರು. ಮುಂದೆ ಕೇಡಗಾಂವದ ಮುಕ್ತಿ ಸದನದಲ್ಲಿ ನೂರಾರು ಅನಾಥೆಯರಿಗೆ ತಾಯಿಯಾದರು. ಅಷ್ಟು ಜನರ ಗದ್ದಲದ ನಡುವೆಯೂ ಇಬ್ರಿಯ, ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿ ಸತ್ಯವೇದವನ್ನು ಮರಾಠಿಗೆ ತಿರುಗಿಸಿದರು. ದಿನಕ್ಕೊಮ್ಮೆಯಾದರೂ ಬಾಗಿಲು ಮುಚ್ಚಿಕೊಳ್ಳದೆ ಆ ಕೆಲಸವು ಆದೀತೇ?

ನಮ್ಮ ಮನೆಗಳಲ್ಲಿ ಮುಚ್ಚುವದಕ್ಕೆ ಬೇರೆ ಕೋಣೆಯೆಲ್ಲಿ ಎಂದು ಕೇಳುವಿರಿ. ನನಗೂ ಇಲ್ಲ. ಬೆಳಗಿನ ಜಾವ ಒಲೆ ಹೊತ್ತಿಸುವ ಮುಂಚೆ ಹಿತ್ತಿಲ ಬಾವಿಯ ಕಟ್ಟೆಯೇ ಪ್ರಾರ್ಥನೆಗೆ ಸಾಕಾಗಿದೆ. ಅಲ್ಲಿಗೆ ಬಂದು ಕರೆದವರು ಅತ್ತಿಗೆಯೇ ಆಗಲಿ, ಗೆಳತಿಯೇ ಆಗಲಿ, ಸ್ವಲ್ಪ ತಾಳಿರೆಂದು ಹೇಳುತ್ತೇನೆ.