ದಿನಗೂಲಿಗೆ ನಡೆದ ಮಹಾದೂತ

ಸ್ಟೆಲ್ಲಾ: ದೊಡ್ಡಪ್ಪ, ಎಲ್ಲೆಡೆಯೂ ಇರುವ, ಎಲ್ಲವನ್ನೂ ಬಲ್ಲ ದೇವರಿಗೆ ಸುದ್ದಿ ಮುಟ್ಟಿಸಲು ದೂತರು ಯಾಕೆ ಬೇಕು? ಬ್ಯಾಬಿಲೋನ್, ಪರ್ಷಿಯಾಗಳ ಅರಮನೆಗಳನ್ನು ಕಂಡ ಯೆಹೂದ್ಯರು ಸ್ವರ್ಗವನ್ನೂ ಒಂದು ಆಸ್ಥಾನವೆಂದೇ ಊಹಿಸಿಕೊಂಡರು ಅನ್ನಿಸುತ್ತದೆ. ಮಿಕಾಯೇಲ ಸೇನಾಪತಿ, ಗಬ್ರಿಯೇಲ ರಾಯಭಾರಿ, ರಫಾಯೇಲ ವೈದ್ಯ.

ಚೌರಪ್ಪ: ಆ ಚಿತ್ರ ಅಲ್ಲಿಂದ ಬಂದಿರಬಹುದು, ನಾನು ವಾದಿಸುವುದಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಈ ಹೆಸರುಗಳು ಸಿಗುವುದೇ ದಾನಿಯೇಲ, ತೊಬಿತ ಗ್ರಂಥಗಳಲ್ಲಿ. ಎರಡೂ ಸೆರೆಯಾಗಿ ಪರದೇಶಕ್ಕೆ ಹೋದವರ ಕತೆಗಳು. ಆದರೆ ರಾಜನ ಅಧಿಕಾರಿ ತನ್ನ ಹೆಸರಿನಲ್ಲೇ ಆಜ್ಞೆ ಹೊರಡಿಸುತ್ತಾನೆ, ಜನ ತನ್ನ ಕಾಲಿಗೆ ಬೀಳಲಿ ಎಂದು ಕಾಯುತ್ತಾನೆ. ಮಹಾದೂತರು ಹಾಗೆ ಮಾಡುವುದೇ ಇಲ್ಲ. ಯೂದನ ಪತ್ರ ಓದಿದ್ದೀಯಾ? ಮೋಶೆಯ ಶವಕ್ಕಾಗಿ ಸೈತಾನನೊಡನೆ ವ್ಯಾಜ್ಯ ನಡೆದಾಗ ಮಿಕಾಯೇಲನೂ ತಾನಾಗಿ ತೀರ್ಪು ಕೊಡುವ ಧೈರ್ಯ ಮಾಡಲಿಲ್ಲ, ಪ್ರಭುವೇ ನಿನ್ನನ್ನು ಗದರಿಸಲಿ ಎಂದಷ್ಟೇ ಹೇಳಿದ. ಪ್ರಕಟನಾ ಗ್ರಂಥದಲ್ಲಿ ಘಟಸರ್ಪವನ್ನು ಸ್ವರ್ಗದಿಂದ ಹೊರದಬ್ಬುವವನೂ ಇದೇ ಮಿಕಾಯೇಲ.

ಸ್ಟೆಲ್ಲಾ: ವಿನಯ ಇದೆ, ಒಪ್ಪಿದೆ. ಅಗತ್ಯ ಏನು ಅನ್ನುವುದು ನನ್ನ ಪ್ರಶ್ನೆ.

ಚೌರಪ್ಪ: ಅಗತ್ಯ ಇಲ್ಲ! ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ದೇವರು ಮಧ್ಯವರ್ತಿಗಳ ಮೂಲಕ ಕೆಲಸ ಮಾಡುವುದು ಶಕ್ತಿ ಸಾಲದೆ ಅಲ್ಲ, ಒಳ್ಳೆಯತನ ಉಕ್ಕಿ ಹರಿದು. ಒಳಿತನ್ನು ಮಾಡುವ ಗೌರವವನ್ನು ತಾನು ಸೃಷ್ಟಿಸಿದವರಿಗೂ ಹಂಚುತ್ತಾನೆ. ಹಬ್ಬದ ಅಡುಗೆಯನ್ನು ಒಬ್ಬಳೇ ಮಾಡಿ ಮುಗಿಸಬಲ್ಲ ತಾಯಿ ಮಗುವಿನ ಕೈಗೂ ಹಿಟ್ಟಿನ ಉಂಡೆ ಕೊಡುವುದಿಲ್ಲವೇ?

ಸ್ಟೆಲ್ಲಾ: ಹಾಗಾದರೆ ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೀರಿ.

ಚೌರಪ್ಪ: ಹೌದು. ಅದಕ್ಕೇ ಮೂವರಲ್ಲಿ ನನಗೆ ರಫಾಯೇಲ ತುಂಬ ಹತ್ತಿರ. ನಿನೆವೆಯಲ್ಲಿ ಕಣ್ಣು ಕಳೆದುಕೊಂಡ ತೊಬಿತ, ದೂರದ ಎಕ್ಬತಾನದಲ್ಲಿ ಏಳು ಗಂಡಂದಿರನ್ನು ಮದುವೆಯ ರಾತ್ರಿಯೇ ಕಳೆದುಕೊಂಡ ಸಾರಾ. ಒಬ್ಬರಿಗೊಬ್ಬರು ಪರಿಚಯವಿಲ್ಲ. ಒಂದೇ ದಿನ ಇಬ್ಬರೂ ಸಾವು ಕೊಡು ಎಂದು ದೇವರನ್ನು ಬೇಡುತ್ತಾರೆ. ಅದಕ್ಕೆ ಬಂದ ಉತ್ತರ ಯಾವುದು? ಗುಡುಗಲ್ಲ, ಮಿಂಚಲ್ಲ. ತೊಬಿತನ ಮಗ ತೊಬಿಯಾಸ ತಂದೆ ನಂಬಿ ಇಟ್ಟಿದ್ದ ಹಣ ತರಲು ಹೊರಟಾಗ ದಾರಿ ಬಲ್ಲ ಒಬ್ಬ ಜೊತೆಗಾರ ಸಿಗುತ್ತಾನೆ. ತೊಬಿತ ಅವನ ಕುಲ ವಿಚಾರಿಸಿ ದಿನಕ್ಕೊಂದು ದ್ರಾಕ್ಮಾ ಕೂಲಿ ಗೊತ್ತು ಮಾಡುತ್ತಾನೆ. ದೇವರ ಸನ್ನಿಧಿಯಲ್ಲಿ ನಿಲ್ಲುವ ಏಳು ಮಂದಿಯಲ್ಲಿ ಒಬ್ಬ, ದಿನಗೂಲಿಗೆ! ಅವರ ಹಿಂದೆ ಮನೆಯ ನಾಯಿಯೂ ಹೊರಡುತ್ತದೆ.

ಸ್ಟೆಲ್ಲಾ: ಆದರೆ ಅವನು ತಾನು ಅಜರ್ಯ ಎಂದು ಹೇಳಿಕೊಂಡ. ದೂತನೇ ಸುಳ್ಳು ಹೇಳಬಹುದೇ?

ಚೌರಪ್ಪ: ಆ ಮಾತು ನನ್ನನ್ನೂ ಚುಚ್ಚುತ್ತದೆ, ಅದಕ್ಕೆ ಪೂರ್ತಿ ಸಮಾಧಾನ ನನ್ನ ಬಳಿ ಇಲ್ಲ. ಒಂದನ್ನು ಮಾತ್ರ ಕಂಡಿದ್ದೇನೆ. ಕೊನೆಗೆ ನಿಜ ಹೆಸರು ಹೇಳಿದ ಕೂಡಲೇ ತಂದೆ ಮಗ ಇಬ್ಬರೂ ಹೆದರಿ ನೆಲಕ್ಕೆ ಬೀಳುತ್ತಾರೆ. ಮೊದಲೇ ಹೇಳಿದ್ದರೆ ತೊಬಿಯಾಸ ಅವನ ಜೊತೆ ನಡೆಯುತ್ತಿದ್ದನೇ? ಟೈಗ್ರಿಸ್ ದಡದಲ್ಲಿ ಮೀನು ಹಿಡಿದವನು ಹುಡುಗ, ತಂದೆಯ ಕಣ್ಣಿಗೆ ಅದರ ಪಿತ್ತ ಹಚ್ಚಿದವನೂ ಹುಡುಗ. ರಫಾಯೇಲ ಹೇಗೆಂದು ಹೇಳಿಕೊಟ್ಟ, ಅಷ್ಟೆ. ಗಬ್ರಿಯೇಲನೂ ಹಾಗೆಯೇ. ಮರಿಯಳು ಕೇಳಿದ ಪ್ರಶ್ನೆಗೆ ಉತ್ತರಿಸಿ, ಅವಳು ಒಪ್ಪಿದ ಮೇಲೆ ಹೊರಟುಹೋಗುತ್ತಾನೆ, ಒತ್ತಾಯ ಮಾಡುವುದಿಲ್ಲ.

ಸ್ಟೆಲ್ಲಾ: ಏಳು ಮಂದಿ ಅಂದಿರಿ. ನಾವು ಮೂವರನ್ನೇ ಯಾಕೆ ಹೆಸರು ಹಿಡಿದು ಕರೆಯುತ್ತೇವೆ? ಉರಿಯೇಲ ಇದ್ದಾನಲ್ಲ?

ಚೌರಪ್ಪ: ಅವನ ಹೆಸರು ಬರುವ ಗ್ರಂಥಗಳು ಕಥೋಲಿಕ ಬೈಬಲಿನಲ್ಲಿ ಇಲ್ಲ. 745ರಲ್ಲಿ ಜಕಾರಿಯಾಸ್ ಪೋಪರು ರೋಮಿನಲ್ಲಿ ಸಭೆ ಸೇರಿಸಿದ್ದರು. ಆಲ್ಡೆಬರ್ಟ್ ಎಂಬ ಬೋಧಕನೊಬ್ಬ ಉರಿಯೇಲ, ರಗುವೇಲ ಎಂದೆಲ್ಲ ಹೆಸರು ಪಟ್ಟಿ ಮಾಡಿ ಪ್ರಾರ್ಥನೆ ಕಟ್ಟಿದ್ದ. ನಮಗೆ ಗೊತ್ತಿರುವುದು ಮೂರೇ ಹೆಸರು ಎಂದು ಸಭೆ ಅದನ್ನು ತಳ್ಳಿಹಾಕಿತು. 2001ರಲ್ಲಿ ವ್ಯಾಟಿಕನ್ ಜನಪದ ಭಕ್ತಿಯ ಕುರಿತು ಕೊಟ್ಟ ಮಾರ್ಗದರ್ಶನದಲ್ಲೂ ಇದೇ ಎಚ್ಚರಿಕೆ ಇದೆ.

ಸ್ಟೆಲ್ಲಾ: ಒಂದು ಹೆಸರಿಗೆ ಇಷ್ಟು ಬಿಗಿ ಯಾಕೆ?

ಚೌರಪ್ಪ: ಹೆಸರು ಹಿಡಿದರೆ ದೂತನನ್ನು ಕೈವಶ ಮಾಡಿಕೊಂಡೆ ಅನ್ನುವ ಆಸೆ ಹುಟ್ಟುತ್ತದೆ. ಇಂಥ ದೂತನಿಗೆ ಇಂಥ ಮಂತ್ರ, ಇಂಥ ಬಣ್ಣದ ಮೇಣದಬತ್ತಿ ಎಂದು ಪುಸ್ತಕ ಮಾರುವವರು ಈಗಲೂ ಇದ್ದಾರೆ. ಅದು ಭಕ್ತಿಯಲ್ಲ, ವ್ಯಾಪಾರ. ಪ್ರಕಟನಾ ಗ್ರಂಥದಲ್ಲಿ ಯೊವಾನ್ನ ದೂತನ ಪಾದಕ್ಕೆ ಬೀಳಹೋದಾಗ ದೂತನೇ ತಡೆದು, ನಾನೂ ನಿನ್ನಂಥ ದಾಸ, ದೇವರನ್ನು ಆರಾಧಿಸು ಅನ್ನುತ್ತಾನೆ. ನಾವು ಮಹಾದೂತರ ಪ್ರಾರ್ಥನಾ ಸಹಾಯ ಕೇಳುತ್ತೇವೆ, ಆರಾಧನೆ ದೇವರಿಗೆ ಮಾತ್ರ. ಈ ಗೆರೆಯನ್ನು ಅಳಿಸುವವರು ಮಹಾದೂತರಿಗೇ ಅವಮಾನ ಮಾಡುತ್ತಾರೆ.

ಸ್ಟೆಲ್ಲಾ: ಹಾಗಾದರೆ ಅವರು ಇದ್ದಾರೆ ಎಂದು ನಂಬಲೇಬೇಕೇ? ಒಳ್ಳೆಯ ಪ್ರೇರಣೆಗೆ ಇಟ್ಟ ಹೆಸರು ಎಂದುಕೊಂಡರೆ ಸಾಲದೇ?

ಚೌರಪ್ಪ: ಸಾಲದು. ದೂತರು ನಿಜವಾಗಿ ಸೃಷ್ಟಿಯಾದವರು, ದೇಹವಿಲ್ಲದ ವ್ಯಕ್ತಿಗಳು ಎಂಬುದು ಧರ್ಮಸಭೆಯ ವಿಶ್ವಾಸ; 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಅದನ್ನು ಸಾರಿತು. ನೀನು ಪ್ರೇರಣೆ ಎಂದುಬಿಟ್ಟರೆ ಕೃತಜ್ಞತೆಗೆ ಯಾರೂ ಉಳಿಯುವುದಿಲ್ಲ. ತೊಬಿತ ಆ ಪ್ರಯಾಣದಿಂದ ತಂದದ್ದರ ಅರ್ಧವನ್ನೇ ಆ ಕೂಲಿಯವನಿಗೆ ಕೊಡಲು ಮುಂದಾಗಿದ್ದು ಎದುರಿಗೆ ಒಬ್ಬ ನಿಂತಿದ್ದ ಅಂತ.

ಸ್ಟೆಲ್ಲಾ: ನನಗಿನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ, ದೊಡ್ಡಪ್ಪ.

ಚೌರಪ್ಪ: ಆಗದಿದ್ದರೆ ಬೇಡಮ್ಮ, ಅವಸರವೇನಿಲ್ಲ. ಸೆಪ್ಟೆಂಬರ್ 29ಕ್ಕೆ ಮೂವರ ಹಬ್ಬ. ಅಷ್ಟರೊಳಗೆ ತೊಬಿತನ ಗ್ರಂಥವನ್ನು ಮೊದಲಿನಿಂದ ಓದಿಬಿಡು. ಹದಿನಾಲ್ಕೇ ಅಧ್ಯಾಯ.